ಪರಸಪ್ಪಕಾಕಾ ತೊಳೆದ ಗಾಜು

ನೊಣ ಎರಡು ಮಿಲಿಮೀಟರ್ ಉದ್ದ ಇದೆ. ಬಣ್ಣ ಕಂದು, ಬೆನ್ನು ಗೂನು, ಹಿಂಗಾಲಿನ ತೊಡೆ ದಪ್ಪ. ಹಾರುವುದಕ್ಕಿಂತ ಓಡುವುದೇ ಹೆಚ್ಚು. ಓಡುವಾಗ ನಡುನಡುವೆ ಗಕ್ಕನೆ ನಿಂತು, ಏನೋ ಮರೆತು ಬಂದವರ ಹಾಗೆ ದಿಕ್ಕು ಬದಲಿಸಿ ಮತ್ತೆ ಓಡುತ್ತದೆ. ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ ನೆಲದೊಳಗೆ ಅರಿಶಿನ ತುಂಬಿಡುವ ಹಗೇವುಗಳಿದ್ದವು. ಅಂಥದೊಂದು ಹಗೇವಿನ ತಳದಲ್ಲಿ, ಬೂಷ್ಟು ಹಿಡಿದ ಕಬ್ಬಿನ ರವದಿಯಲ್ಲಿ, ಎಂದರೆ ಒಣಗರಿಯಲ್ಲಿ, ಇದರ ವಾಸವಿತ್ತು. ಇತ್ತೀಚಿನವರೆಗೆ ಇದಕ್ಕೆ ಹೆಸರಿರಲಿಲ್ಲ, ಈಗ ಇದೆ. ಹೆಸರಿಟ್ಟ ಏಳು ಪುಟದ ಲೇಖನದ ಮೇಲೆ ಇಬ್ಬರ ಹೆಸರಿದ್ದರೂ ಊರಿನ ಪೇಪರಿನವರು ಡಾಕ್ಟರ್ ಎಂದು ಮುಂದೆ ಅಂಟಿಸಿಕೊಂಡವಳ ಫೋಟೋ ಮಾತ್ರ ಹಾಕಿದರು. ಅವಳು ನಾನು, ನೇತ್ರಾ. ಇನ್ನೊಂದು ಹೆಸರು ಪರಸಪ್ಪಕಾಕಾ ಅವರದು. ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಬರೆಯುವಾಗ ನನ್ನ ಬಗ್ಗೆಯೂ ಕೆಲವು ಕೆಟ್ಟ ಮಾತು ಬರೆಯಬೇಕಾಗುತ್ತದೆ. ಬೇರೆ ಯಾರಾದರೂ ಬರೆಯುವುದಕ್ಕಿಂತ ನಾನೇ ಬರೆಯುವುದು ಮೇಲು.

ಪರಸಪ್ಪಕಾಕಾ ಮಿರಜ ತಾಲ್ಲೂಕಿನ ಲಿಂಗನೂರಿನವರು. ಹತ್ತನೆಯ ಇಯತ್ತೆ ಪಾಸಾಗಿ, ಇಪ್ಪತ್ತೆರಡನೆಯ ವಯಸ್ಸಿಗೆ ಸಾಂಗ್ಲಿಯ ನಮ್ಮ ಕಾಲೇಜಿನ ತೋಟದ ಕೆಲಸಕ್ಕೆ ದಿನಗೂಲಿಯ ಮೇಲೆ ಬಂದರು. ನಿಂಬೆ ಗಿಡ ತಿನ್ನುತ್ತಿದ್ದ ಹುಳುಗಳನ್ನು ಕೊಲ್ಲಲು ಹೇಳಿದರೆ ಇವರು ನಾಲ್ಕು ಹುಳು ತೆಗೆದು ಬಿಸ್ಕೀಟಿನ ಡಬ್ಬಿಯಲ್ಲಿ ಸಾಕಿ, ಅವು ಚಿಟ್ಟೆಯಾಗುವವರೆಗೂ ಪೆನ್ಸಿಲ್ಲಿನಲ್ಲಿ ದಿನಕ್ಕೊಂದು ಚಿತ್ರ ತೆಗೆದಿಟ್ಟರು. ಆಗಿನ ಪ್ರಾಣಿಶಾಸ್ತ್ರದ ಮುಖ್ಯಸ್ಥರು ಆ ಚಿತ್ರಗಳನ್ನು ನೋಡಿ, ಇವನ ಕೈಗೆ ಕುರ್ಪಿ ಯಾಕೆ ಕೊಟ್ಟಿದ್ದೀರಿ ಎಂದು ಪ್ರಯೋಗಶಾಲೆಗೆ ಎಳೆದುಕೊಂಡರು. ಅಲ್ಲಿಂದ ಮೂವತ್ತೆಂಟು ವರ್ಷ ಅವರು ಲ್ಯಾಬ್ ಅಟೆಂಡೆಂಟ್. ನಲವತ್ತೆರಡು ಕೀಟದ ಪೆಟ್ಟಿಗೆಗಳು ಅವರ ವಶದಲ್ಲಿದ್ದವು. ಯಾವ ಪೆಟ್ಟಿಗೆಯ ಯಾವ ಸಾಲಿನಲ್ಲಿ ಯಾವ ದುಂಬಿಯ ಎಡಗಾಲು ಮುರಿದಿದೆ ಎನ್ನುವುದನ್ನು ನೋಡದೆಯೇ ಹೇಳುತ್ತಿದ್ದರು. ಹೊಳೆ ಉಕ್ಕಿ ಕಾಲೇಜಿನೊಳಗೆ ನೀರು ಬಂದ ವರ್ಷ ಪೆಟ್ಟಿಗೆಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಎರಡನೆಯ ಮಹಡಿಗೆ ಸಾಗಿಸಿ, ಆರು ದಿನ ಅಲ್ಲೇ ಚುರುಮುರಿ ತಿಂದುಕೊಂಡು ಕೂತಿದ್ದರು. ಮಿರಜದ ಎರಡು ಕೋಣೆಯ ಮನೆಯಲ್ಲಿ ಅವರ ಹೆಂಡತಿ ಕುಂದಾಮಾವಶಿ, ಗಂಡ ಹುಳಗಳ ಜೋಡಿ ಸಂಸಾರ ಹೂಡಿದ್ದಾನೆ ಎಂದು ಬಂದವರಿಗೆಲ್ಲ ಹೇಳಿದರಂತೆ.

ನಾನು ಹದಿನೇಳನೆಯ ವಯಸ್ಸಿಗೆ ಅದೇ ಪ್ರಯೋಗಶಾಲೆಗೆ ವಿದ್ಯಾರ್ಥಿನಿಯಾಗಿ ಬಂದೆ. ಪಾಠ ಮಾಡುವವರು ಬೇರೆ ಇದ್ದರು, ಆದರೆ ಕೈಗೆ ಬುದ್ಧಿ ಕಲಿಸಿದವರು ಇವರೇ. ಮೊದಲ ದಿನ ನಾನು ಚಿಮಟಾವನ್ನು ತವೆಯ ಮೇಲಿನ ರೊಟ್ಟಿ ತಿರುವುವವರ ಹಾಗೆ ಹಿಡಿದಿದ್ದೆ. ಜಿರಲೆಯ ಮೀಸೆ ಕಿತ್ತು ಬಂತು. ಹುಡುಗಿಯರೆಲ್ಲ ನಕ್ಕರು. ಪರಸಪ್ಪಕಾಕಾ ಮಾತ್ರ ನಗದೆ, "ಹಿಡೀಬ್ಯಾಡವಾ, ಹಿಡದಂಗ ಮಾಡು" ಎಂದರು. ಸುತ್ತ ಎಲ್ಲರೂ ಮರಾಠಿ ಮಾತಾಡುವಾಗ ನನ್ನ ಜೊತೆ ಕನ್ನಡ ಮಾತಾಡುವ ಒಬ್ಬರಿದ್ದಾರೆ ಎನ್ನುವುದೇ ಆಗ ನನಗೆ ದೊಡ್ಡ ಧೈರ್ಯವಾಗಿತ್ತು. ಮುಂದೆ ನಾನು ಓದಿ ಅಲ್ಲೇ ಪ್ರಾಧ್ಯಾಪಕಿಯಾಗಿ ಬಂದೆ. ಅವರು ಅಂದಿನಿಂದ ನನ್ನನ್ನು ಮ್ಯಾಡಮ್ ಎಂದು ಕರೆದರು. ನಾನು ಬೇಡ ಎನ್ನಲಿಲ್ಲ. ಕರೆಸಿಕೊಳ್ಳಲು ಹಿತವಾಗಿತ್ತು.

ಅವರದು ಒಂದೇ ಕಾನೂನು. ಗಾಜಿನ ಪಟ್ಟಿಯ ಮೇಲೆ ಏನೇ ಇಡಿ, ಮೊದಲು ಚೀಟಿ ಅಂಟಿಸಿ: ಏನು, ಎಲ್ಲಿಯದು, ಯಾವ ದಿನದ್ದು. ಚೀಟಿ ಇಲ್ಲದ ಗಾಜು ಖಾಲಿ ಗಾಜು, ಅದನ್ನು ತೊಳೆಯಲಾಗುವುದು ಎಂದು ಮರಾಠಿಯಲ್ಲಿ ದುಂಡಗೆ ಬರೆದು ಸಿಂಕಿನ ಮೇಲೆ ತೂಗುಹಾಕಿದ್ದರು. ಬರೀ ಬೆದರಿಕೆಯಲ್ಲ, ತೊಳೆದೇ ಬಿಡುತ್ತಿದ್ದರು. ಹಿಂದೊಮ್ಮೆ ಮುಖ್ಯಸ್ಥರ ಗಾಜನ್ನೇ ತೊಳೆದರಂತೆ. ಅವರು ತಮ್ಮ ಹಣೆಗೆ ತಾವೇ ಹೊಡೆದುಕೊಂಡು, ಇನ್ನೊಂದು ಗಾಜು ಕೊಡು ಎಂದು ಕೂತರಂತೆ. ದೊಡ್ಡವರು ಎಂದರೆ ಅವರು.

ಈಗ ನೊಣದ ಕಥೆ. ನನ್ನ ಅಪ್ಪ ಗುರುಸಿದ್ಧಪ್ಪ ಸಾಂಗ್ಲಿಯ ಪೇಟೆಯಲ್ಲಿ ಅರಿಶಿನದ ವ್ಯಾಪಾರಿ. ಹರಿಪುರದಲ್ಲಿ ನಮ್ಮ ಮನೆತನದ ಐದು ಹಗೇವುಗಳಿದ್ದವು. ಹಗೇವು ಎಂದರೆ ನೆಲದಲ್ಲಿ ಹೂತಿಟ್ಟ ದೊಡ್ಡ ಗಡಿಗೆಯಿದ್ದಂತೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು, ಆಳ ಇಪ್ಪತ್ತು ಅಡಿ. ಒಳಗೆ ಸುತ್ತಲೂ ರವದಿ ಹೊದಿಸಿ ಅರಿಶಿನ ಸುರಿದು ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಮಹಾಪೂರಗಳು ಬಂದು ನಾಲ್ಕು ಹಗೇವು ಕುಸಿದವು. ಎತ್ತರದ ದಿಬ್ಬದ ಮೇಲಿದ್ದ ಒಂದು ಉಳಿಯಿತು. ಅದರಲ್ಲೂ ಈಗ ಮಾಲು ಇರಲಿಲ್ಲ. ಮೂರು ವರ್ಷದ ಹಿಂದೆ ವಿದ್ಯಾರ್ಥಿಗಳಿಗೆ ತೋರಿಸಲೆಂದು ಅದರ ಬಾಯಿ ತೆಗೆಸಿದೆ. ತೆಗೆದವರು ಯಲ್ಲಪ್ಪ, ಹಗೇವು ಇಳಿಯುವುದೇ ಕಸುಬಾದವರು, ಪರಸಪ್ಪಕಾಕಾ ಅವರ ಊರಿನವರೇ. ಚಪ್ಪಡಿ ಸರಿಸಿದೊಡನೆ ನಾಲ್ಕಾರು ಸಣ್ಣ ನೊಣಗಳು ಅಂಚಿನ ಮೇಲೆ ಓಡಾಡಿದವು. ಪರಸಪ್ಪಕಾಕಾ ಬೆರಳು ಎಂಜಲು ಮಾಡಿ ಒಂದನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ ನೋಡಿ, ನಮ್ಮ ಪೆಟಗಿಯೊಳಗ ಇದು ಇಲ್ಲ ಎಂದರು. ಸಣ್ಣ ನೊಣ ಎಲ್ಲ ಒಂದೇ ಥರ ಕಾಣುತ್ತವೆ ಎಂದು ನಾನು ಮುಂದೆ ನಡೆದೆ. ಸೋಮವಾರ ನನ್ನ ಮೇಜಿನ ಮೇಲೆ ಒಂದು ಶೀಸೆಯಲ್ಲಿ ನೊಣ, ಪಕ್ಕದಲ್ಲಿ ಅಂಗೈಯಗಲ ಅದರ ಚಿತ್ರ ಇತ್ತು.

ಚಿತ್ರ ಪುಣೆಯ ತಜ್ಞರೊಬ್ಬರಿಗೆ ಹೋಯಿತು. ಹೊಸದಿರಬಹುದು, ಆದರೆ ನೀವು ಕಳಿಸಿದ್ದು ಹೆಣ್ಣು, ಈ ಜಾತಿಯ ನೊಣಗಳನ್ನು ಗಂಡಿನ ಬಾಲದ ತುದಿಯ ರಚನೆಯಿಂದಲೇ ಗುರುತಿಸಬೇಕು, ಹೆಣ್ಣು ನೂರಿದ್ದರೂ ಪ್ರಯೋಜನವಿಲ್ಲ, ಒಂದು ಗಂಡು ಹುಡುಕಿ ಎಂದು ಅವರು ಬರೆದರು. ನಲವತ್ತು ದಾಟಿದ ನನಗೆ ನನ್ನ ಅವ್ವ ಸುನಂದಾಬಾಯಿ ಇಪ್ಪತ್ತು ವರ್ಷ ಹುಡುಕಿದರೂ ಗಂಡು ಸಿಕ್ಕಿಲ್ಲ. ಈಗ ನಾನು ನೊಣಕ್ಕೆ ಹುಡುಕಲು ಹೊರಟೆ. ನಿಜ ಹೇಳಬೇಕೆಂದರೆ ಹೊರಟವರು ಪರಸಪ್ಪಕಾಕಾ. ಎರಡು ವರ್ಷ, ಜೋರು ಮಳೆಯ ದಿನ ಬಿಟ್ಟು, ಪ್ರತಿ ಭಾನುವಾರ ಮಿರಜದಿಂದ ಹರಿಪುರಕ್ಕೆ ಸೈಕಲ್ ತುಳಿದರು. ಬೆಲ್ಲದ ಪಾಕ ಸವರಿದ ಹಗ್ಗ ಇಳಿಬಿಟ್ಟು ಕಾದರು. ಹೆಣ್ಣುಗಳು ಬಂದು ಅಂಟಿಕೊಂಡವು. ಗಂಡುಗಳು ತಳದ ರವದಿ ಬಿಟ್ಟು ಮೇಲೆ ಬರುವ ಜಾತಿಯವಲ್ಲ. ಇನ್ನೂರ ಹನ್ನೆರಡು ಹೆಣ್ಣುಗಳ ನಂತರ, ಹೋದ ವರ್ಷದ ಸೆಪ್ಟೆಂಬರಿನಲ್ಲಿ, ದಾರಿ ತಪ್ಪಿ ಬಂದ ಒಂದೇ ಒಂದು ಗಂಡು ಸಿಕ್ಕಿತು. ಅದನ್ನು ತಂದ ದಿನ ಪರಸಪ್ಪಕಾಕಾ ನನಗೆ ಪೇಢೆ ಕೊಟ್ಟರು.

ಅಷ್ಟರಲ್ಲಿ ಅಪ್ಪನಿಗೆ ವಿಷಯ ತಿಳಿಯಿತು. ಅವರಿಗೆ ವಿಜ್ಞಾನದ ಮೇಲೆ ಸಿಟ್ಟಿಲ್ಲ, ಆದರೆ ಅರಿಶಿನದ ಹಗೇವಿನಲ್ಲಿ ನೊಣ ಎಂದು ಪೇಪರಿನಲ್ಲಿ ಬಂದರೆ ಕೊಳ್ಳುವವರು ಏನು ತಿಳಿದಾರು ಎಂಬ ಚಿಂತೆ. ಇದು ಅರಿಶಿನ ಮುಟ್ಟುವುದಿಲ್ಲ, ಕೊಳೆತ ರವದಿಯ ಬೂಷ್ಟು ತಿನ್ನುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಹೇಗೂ ಖಾಲಿ ಬಿದ್ದಿದೆ, ಯಾರಾದರೂ ಬಿದ್ದು ಸತ್ತರೆ ಕೇಸು, ದಸರೆ ಕಳೆದ ಮೇಲೆ ಜೆಸಿಬಿ ತರಿಸಿ ಮುಚ್ಚಿಸುತ್ತೇನೆ ಎಂದರು. ಗಂಡು ಕೈಯಲ್ಲಿದೆ ಎಂಬ ಧೈರ್ಯದಲ್ಲಿ ನಾನೂ ಒಪ್ಪಿದೆ.

ಗಂಡಿನ ಬಾಲದ ತುದಿಯನ್ನು ಬಿಡಿಸಿ, ಕಾಸ್ಟಿಕ್ಕಿನಲ್ಲಿ ಕಾಯಿಸಿ, ಗ್ಲಿಸರಿನ್ ಹನಿಯಲ್ಲಿಟ್ಟು ಗಾಜಿನ ಪಟ್ಟಿಯ ಮೇಲೆ ನೋಡಬೇಕು. ಕಣ್ಣಿಗೆ ಅದು ಕಾಣುವುದೇ ಇಲ್ಲ, ಹನಿಯಲ್ಲಿ ಒಂದು ಧೂಳಿನ ಕಣ ಇದ್ದಂತೆ. ಖಂಡೇನವಮಿಯ ಹಿಂದಿನ ದಿನ, ಗುರುವಾರ, ಪರಸಪ್ಪಕಾಕಾ ಸೂಕ್ಷ್ಮದರ್ಶಕದ ಮುಂದೆ ನಾಲ್ಕು ತಾಸು ಕೂತು ಅದರ ಎಡಮಗ್ಗುಲಿನ ಚಿತ್ರ ಮುಗಿಸಿದರು. ಪ್ರತಿ ಸಂಜೆ ಆ ಕಣವನ್ನು ಮತ್ತೆ ಅದರ ಪುಟ್ಟ ಶೀಸೆಗೆ ಸೇರಿಸಿಡುವುದು ನನ್ನ ಕೆಲಸ. ಅವರು ಮರುದಿನದ ಪೂಜೆಗೆ ಚೆಂಡುಹೂ ತರಲು ಹೋದರು. ನಾನು ಬಲಮಗ್ಗುಲು ಹೇಗಿದೆ ನೋಡೋಣವೆಂದು ಸೂಜಿಯಿಂದ ಅದನ್ನು ಹೊರಳಿಸುತ್ತಿದ್ದೆ. ಪ್ರಿನ್ಸಿಪಾಲರು ಮೀಟಿಂಗಿಗೆ ಕರೆದರು. ಗಾಜನ್ನು ಕೈಗೆ ಸಿಕ್ಕ ತೊಳೆಯುವ ಟ್ರೇನಲ್ಲಿ ಇಟ್ಟು ಓಡಿದೆ. ಚೀಟಿ ಅಂಟಿಸಲು ಅರ್ಧ ನಿಮಿಷ ಸಾಕಿತ್ತು. ಮೀಟಿಂಗು ಏಳಕ್ಕೆ ಮುಗಿಯಿತು. ನಾನು ಸೀದಾ ಮನೆಗೆ ಹೋದೆ.

ನಮ್ಮ ಕಡೆ ಖಂಡೇನವಮಿಯ ದಿನ ಕೈಗೆ ಅನ್ನ ಕೊಡುವ ವಸ್ತುವನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಅಪ್ಪ ತಕ್ಕಡಿಯನ್ನು, ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಪರಸಪ್ಪಕಾಕಾ ಅವರ ಮಗ ಶಂತನು ತನ್ನ ಲೇಥ್ ಯಂತ್ರವನ್ನು. ಪರಸಪ್ಪಕಾಕಾ ರಜೆಯಿದ್ದರೂ ಬೆಳಿಗ್ಗೆ ಬಂದು ಸೂಕ್ಷ್ಮದರ್ಶಕಗಳನ್ನು ಒರೆಸಿ, ಕತ್ತರಿ ಚಿಮಟಾಗಳನ್ನು ಬೆಳಗಿ, ಟ್ರೇನಲ್ಲಿದ್ದ ಗಾಜುಗಳನ್ನೆಲ್ಲ ತೊಳೆದು ಹಳೆಯ ಧೋತರದಿಂದ ಒರೆಸಿ, ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ಮೂವತ್ತೆಂಟು ವರ್ಷವೂ ಮಾಡಿದ್ದನ್ನೇ ಮಾಡಿದರು. ಪೂಜೆಯ ಅರಿಶಿನ ಪ್ರತಿ ವರ್ಷ ನಮ್ಮ ಅಂಗಡಿಯಿಂದಲೇ ಹೋಗುತ್ತದೆ.

ಸೋಮವಾರ ಬಂದು ಶೀಸೆ ನೋಡಿದೆ. ಖಾಲಿ. ಆಗ ನೆನಪಾಯಿತು. ಟ್ರೇ ನೋಡಿದೆ. ಇಪ್ಪತ್ತು ಗಾಜುಗಳು ಫಳಫಳ ಹೊಳೆಯುತ್ತಿದ್ದವು, ಮೂಲೆಯಲ್ಲಿ ಒಂದೊಂದು ಹಳದಿ ಬೊಟ್ಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಏನಾಗಿದೆ, ಯಾರ ತಪ್ಪಿನಿಂದ ಆಗಿದೆ ಎನ್ನುವುದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಇರಬೇಕು, ಅಷ್ಟು ಜೋರಾಗಿ ಕೂಗಿದೆ. ಮೂವತ್ತು ವಿದ್ಯಾರ್ಥಿಗಳ ಎದುರಿಗೆ, ಅವರೆಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ, ಅರವತ್ತು ವರ್ಷದ ಮನುಷ್ಯನಿಗೆ ಕಣ್ಣಿಲ್ಲವೇ ಎಂದು ಕೇಳಿದೆ. ಎರಡು ವರ್ಷದ ಕೆಲಸವನ್ನು ಪೂಜೆಯ ಹೆಸರಿನಲ್ಲಿ ತೊಳೆದು ಹಾಕಿದಿರಿ ಎಂದೆ. ಅವರು ಧೋತರದ ತುಂಡು ಹಿಡಿದುಕೊಂಡು ನಿಂತಿದ್ದರು. ಸಿಂಕಿನ ಮೇಲಿನ ಬೋರ್ಡಿನ ಕಡೆ ಒಮ್ಮೆಯೂ ನೋಡಲಿಲ್ಲ. ಅತ್ತೆ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎನ್ನುತ್ತಾರೆ. ಇಲ್ಲಿ ಅತ್ತೆಯೂ ನಾನೇ ಆಗಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತಾಗಿತ್ತು. ನಾನು ಆ ಸಿಟ್ಟಿನಲ್ಲೇ ಪ್ರಿನ್ಸಿಪಾಲರಿಗೆ ಪತ್ರ ಬರೆದೆ: ಪ್ರಯೋಗಶಾಲೆಯ ಸಿಬ್ಬಂದಿಯ ಬೇಜವಾಬ್ದಾರಿಯಿಂದ ಸಂಶೋಧನೆಯ ಏಕೈಕ ಮಾದರಿ ನಾಶವಾಗಿದೆ. ಬುಧವಾರ ಪರಸಪ್ಪಕಾಕಾ ಅವರಿಗೆ ಮೆಮೋ ಬಂತು. ಏಳು ದಿನದಲ್ಲಿ ಉತ್ತರ ಕೊಡಬೇಕು, ಸಮಾಧಾನಕರ ಅಲ್ಲದಿದ್ದರೆ ಸರ್ವಿಸ್ ಬುಕ್ಕಿನಲ್ಲಿ ಷರಾ ಬೀಳುತ್ತದೆ. ಅಕ್ಟೋಬರ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಮೂವತ್ತೆಂಟು ವರ್ಷದಲ್ಲಿ ಒಂದೂ ಕಪ್ಪು ಚುಕ್ಕೆಯಿಲ್ಲದ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಪತ್ರ ಕೂರುವುದಿತ್ತು. ಅವರು ಏಳು ದಿನ ತೆಗೆದುಕೊಳ್ಳಲಿಲ್ಲ. ಅದೇ ಮಧ್ಯಾಹ್ನ ಒಂದು ಸಾಲು ಬರೆದುಕೊಟ್ಟರು: ನನ್ನಿಂದ ತಪ್ಪಾಗಿದೆ. ಚೀಟಿಯ ಮಾತು ಅದರಲ್ಲಿ ಇರಲಿಲ್ಲ. ಆ ಹಾಳೆ ಆಫೀಸಿಗೆ ಹೋಗುವ ಮುಂಚೆ ನನ್ನ ಮೇಜಿನ ಮೇಲಿಂದಲೇ ಹೋಯಿತು. ನಾನು ಓದಿ, ಸಹಿ ಮಾಡಿ, ಮುಂದೆ ಕಳಿಸಿದೆ.

ಇನ್ನೂ ಕೆಟ್ಟದ್ದೊಂದಿದೆ. ಗುರುವಾರ ನನಗೊಂದು ಉಪಾಯ ಹೊಳೆಯಿತು. ಎಡಮಗ್ಗುಲಿನ ಚಿತ್ರ ಇದೆ. ಪ್ರಾಣಿಗಳ ಎಡಬಲ ಒಂದೇ ಥರ ಇರುತ್ತದೆ. ಅದನ್ನೇ ತಿರುವಿ ಬಲಮಗ್ಗುಲು ತೆಗೆದು, ಚಿತ್ರ ತೆಗೆದ ಮೇಲೆ ಮಾದರಿ ಹಾಳಾಯಿತು ಎಂದು ಬರೆದರೆ ಒಪ್ಪುವವರು ಒಪ್ಪುತ್ತಾರೆ. ಪರಸಪ್ಪಕಾಕಾ ಅವರನ್ನು ಕರೆದು ಹೇಳಿದೆ. ಆ ವಾರ ಅವರು ನನ್ನ ಯಾವ ಮಾತಿಗೂ ಇಲ್ಲ ಎಂದಿರಲಿಲ್ಲ.

"ನೋಡಿದ್ದ ತೆಗೀತೇನ್ರಿ ಮ್ಯಾಡಮ್," ಎಂದರು. "ನೋಡಲಾರದ್ದ ಹ್ಯಾಂಗ ತೆಗೀಲಿ?"

ಮಾಡಿದ ತಪ್ಪಿಗೆ ಇಷ್ಟಾದರೂ ಮಾಡಿ ಎಂದು ನಾನು ಒತ್ತಿದೆ. ಅವರು ಪೆನ್ಸಿಲ್ಲು ಮೇಜಿನ ಮೇಲಿಟ್ಟು, ಭಾನುವಾರ ಹಗೇವಿಗೆ ಹೋಗೋಣ, ಇನ್ನೊಂದು ಗಂಡು ಹುಡುಕೋಣ ಎಂದಷ್ಟೇ ಹೇಳಿ ಹೊರಟರು. ಜೆಸಿಬಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂದು ಅಪ್ಪ ಗೊತ್ತು ಮಾಡಿ ಆಗಿತ್ತು. ನಾಲ್ಕು ದಿನ ಮುಂದೆ ಹಾಕಿ ಎಂದು ಕೇಳಿದರೆ, ಒಂದು ನೊಣಕ್ಕಾಗಿ ಜೆಸಿಬಿಯವನಿಗೆ ಕೊಟ್ಟ ಮಾತು ತಪ್ಪಲೇ ಎಂದರು.

ಭಾನುವಾರ ಬೆಳಿಗ್ಗೆ ಹರಿಪುರದಲ್ಲಿ ನಾವು ನಾಲ್ವರಿದ್ದೆವು: ಯಲ್ಲಪ್ಪ, ಪರಸಪ್ಪಕಾಕಾ, ನಾನು, ಮತ್ತು ಎಲ್ಲಿ ಜೆಸಿಬಿ ನಿಲ್ಲಬೇಕು ಎಂದು ತೋರಿಸಲು ಬಂದ ಅಪ್ಪ. ಯಲ್ಲಪ್ಪ ಚಪ್ಪಡಿ ಸರಿಸಿ ಒಂದು ತಾಸು ಬಿಟ್ಟು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದರು. ಹಗೇವಿನ ಪದ್ಧತಿ ಇದು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಕಂದೀಲು ತಳದವರೆಗೆ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಹತ್ತು ಅಡಿ ಇಳಿಯುವಷ್ಟರಲ್ಲಿ ದೀಪ ಸಣ್ಣದಾಯಿತು, ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಈ ಸಲ ಮಳೆ ಹೆಚ್ಚಾಗಿ ರವದಿ ಕೊಳೆತಿದೆ, ಮೂರು ದಿನ ಬಾಯಿ ತೆರೆದಿಡಬೇಕು ಎಂದರು ಯಲ್ಲಪ್ಪ. ಬೆಲ್ಲದ ಹಗ್ಗ ಇಳಿಬಿಟ್ಟೆವು. ಮಧ್ಯಾಹ್ನದವರೆಗೆ ಮೂವತ್ತು ನೊಣ ಬಂದವು. ಪರಸಪ್ಪಕಾಕಾ ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿದರು. ಎಲ್ಲ ಹೆಣ್ಣು.

ಒಂದೂವರೆಗೆ ನಾಲ್ಕನೆಯ ಸಲ ಕಂದೀಲು ಆರಿತು. ಪರಸಪ್ಪಕಾಕಾ ಅಂಗಿ ತೆಗೆದು ಮಡಿಚಿಟ್ಟು, ಹಗ್ಗ ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದರು. ಉಸಿರು ಹಿಡಿದು ಇಳಿಯುತ್ತೇನೆ, ಒಂದು ಬುಟ್ಟಿ ರವದಿ ತುಂಬಿದೊಡನೆ ಜಗ್ಗುತ್ತೇನೆ, ಎಳೆದುಕೊಳ್ಳಿ, ಎರಡು ನಿಮಿಷದ ಕೆಲಸ ಎಂದರು. ಯಲ್ಲಪ್ಪ ಹಗ್ಗದ ಇನ್ನೊಂದು ತುದಿಯನ್ನು ಕೈಯಿಂದ ಬಿಟ್ಟು ದೂರ ಸರಿದು ನಿಂತರು. ತಮ್ಮ ಅಣ್ಣ ಇಂಥದೇ ಹಗೇವಿನಲ್ಲಿ ಎರಡು ನಿಮಿಷಕ್ಕೆಂದು ಇಳಿದವನು, ಹೆಣ ಎತ್ತಿದ್ದು ಮರುದಿನ ಎಂದರು.

"ನನ್ನ ಕೈಯಿಂದ ಹೋಗೇತಿ, ನಾನ ತರಬೇಕೋ ಯಲ್ಲಪ್ಪ," ಎಂದು ಪರಸಪ್ಪಕಾಕಾ ಹಗ್ಗದ ಆ ತುದಿಯನ್ನು ತಾವೇ ಎತ್ತಿ ಬೇವಿನ ಮರಕ್ಕೆ ಬಿಗಿದರು. ಆಮೇಲೆ ನನ್ನ ಕಡೆ ನೋಡಿದರು. ಪ್ರಯೋಗ ಶುರು ಮಾಡುವ ಮುಂಚೆ ಅವರು ಮೇಷ್ಟ್ರುಗಳ ಕಡೆ ಹೀಗೇ ನೋಡುತ್ತಿದ್ದರು, ಮಾಡಲೇ ಎಂದು.

ಆಗ ನನ್ನ ತಲೆಯಲ್ಲಿ ಬಂದದ್ದನ್ನು ಬರೆಯದೆ ಬಿಟ್ಟರೆ ಇಡೀ ಬರಹವೇ ಸುಳ್ಳಾಗುತ್ತದೆ. ಎರಡು ನಿಮಿಷ ಬಹಳವೇನಲ್ಲ ಎಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆ. ಅವರು ಆಗಲೇ ಅಂಚಿನ ಮೇಲೆ ಕೂತು ಕಾಲು ಒಳಗೆ ಬಿಟ್ಟಿದ್ದರು. ಬರಿಮೈ. ಎದೆಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿದೆ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಕಾಕಾ, ಗಾಜಿಗೆ ನಾ ಚೀಟಿ ಹಚ್ಚಿರಲಿಲ್ಲ," ಎಂದೆ. "ಟ್ರೇನಾಗ ಇಟ್ಟಾಕಿನೂ ನಾನ. ತಪ್ಪು ನಂದು. ಮ್ಯಾಲ ಬರ್ರಿ."

ಪರಸಪ್ಪಕಾಕಾ ಕಾಲು ಮೇಲೆ ತೆಗೆದುಕೊಂಡು ಗಂಟು ಬಿಚ್ಚತೊಡಗಿದರು. ಬಿಗಿಯಾಗಿತ್ತು, ಯಲ್ಲಪ್ಪ ಬಂದು ಬಿಚ್ಚಿಕೊಟ್ಟರು. ಏನು ಚೀಟಿ, ಏನು ಕಥೆ ಎಂದು ಅಪ್ಪ ಕೇಳಿದರು. ಹೇಳಿದೆ. ಕೂಗಿದ್ದು, ಪತ್ರ ಬರೆದದ್ದು, ಮೆಮೋ, ಎಲ್ಲ. ಅಪ್ಪ ಪೇಟೆಯಲ್ಲಿ ಐವತ್ತು ವರ್ಷ ಕಳೆದವರು, ಜೋರು ಮಾತು ಅವರಿಗೆ ಹೊಸದಲ್ಲ. ಆದರೆ ಅಂದು ಮೆಲ್ಲಗೆ ಮಾತಾಡಿದರು.

"ಗುರುತ ಇಲ್ಲದ ಚೀಲ ಅಂಗಡ್ಯಾಗ ಕಳದರ ನಾವು ಹಮಾಲಗ ಬೈತೇವೇನವಾ?" ಎಂದು ಕೇಳಿದರು. "ಗುರುತ ಹಾಕಲಾರದಂವಗ ಬೈತೇವಿ."

ಆಮೇಲೆ ಫೋನ್ ತೆಗೆದು ಜೆಸಿಬಿಯವನಿಗೆ ಗುರುವಾರ ಬಾ ಎಂದು ಹೇಳಿದರು. ಯಾಕೆ ಎಂದು ಅವನು ಕೇಳಿರಬೇಕು. ನಮ್ಮ ಕೆಲಸ ಇನ್ನೂ ಮುಗಿದಿಲ್ಲ ಎಂದರು. ಅವರು ಆ ನೊಣದ ಕೆಲಸವನ್ನು ನಮ್ಮದು ಎಂದದ್ದು ಅದೇ ಮೊದಲು.

ಬುಧವಾರ ಕಂದೀಲು ತಳದವರೆಗೆ ಹೋಗಿ ಉರಿಯುತ್ತಲೇ ಮೇಲೆ ಬಂತು. ಯಲ್ಲಪ್ಪ ಇಳಿದು ಮೂರು ಬುಟ್ಟಿ ರವದಿ ಕಳಿಸಿದರು. ಪರಸಪ್ಪಕಾಕಾ ಬಿಳಿ ಧೋತರದ ಮೇಲೆ ಹಿಡಿಹಿಡಿಯಾಗಿ ಕೊಡವಿ ಹುಡುಕಿದರು. ಸಂಜೆಯ ಹೊತ್ತಿಗೆ ನಾಲ್ಕು ಗಂಡು ಸಿಕ್ಕವು. ಉಳಿದ ರವದಿಯನ್ನು, ಅದರೊಳಗಿನ ಮರಿಹುಳುಗಳ ಸಮೇತ, ಎರಡು ಮಣ್ಣಿನ ಗಡಿಗೆಯಲ್ಲಿ ತುಂಬಿ ಕಾಲೇಜಿಗೆ ಸಾಗಿಸಿದೆವು. ಗುರುವಾರ ಹಗೇವು ಮುಚ್ಚಿತು.

ಮುಂದಿನ ಮೂರು ದಿನ ಅವರು ಚಿತ್ರ ತೆಗೆದರು. ಎಡಮಗ್ಗುಲಿನಲ್ಲಿ ಮೂರು ಗಟ್ಟಿ ಕೂದಲು, ಮೊದಲಿನ ಚಿತ್ರದಲ್ಲಿದ್ದಂತೆಯೇ. ಬಲಮಗ್ಗುಲಿನಲ್ಲಿ ಕೂದಲೇ ಇರಲಿಲ್ಲ. ಅಲ್ಲಿ ಎರಡು ಹಲ್ಲಿನ ಒಂದು ಕೊಕ್ಕೆ ಇತ್ತು. ಎಡಬಲ ಬೇರೆಯಾಗಿರುವುದೇ ಈ ನೊಣದ ಮುಖ್ಯ ಲಕ್ಷಣ ಎಂದು ಪುಣೆಯವರು ಬರೆದರು. ಎಡವನ್ನು ತಿರುವಿ ತೆಗೆಸಿದ್ದರೆ ನಾನು ಜಗತ್ತಿನಲ್ಲಿ ಇಲ್ಲದ ಒಂದು ನೊಣಕ್ಕೆ ಹೆಸರಿಡುತ್ತಿದ್ದೆ.

ಹಗೇವು ಮುಚ್ಚಿದ ಮರುದಿನವೇ ಪ್ರಿನ್ಸಿಪಾಲರಿಗೆ ಎರಡನೆಯ ಪತ್ರ ಕೊಟ್ಟಿದ್ದೆ: ಗಾಜಿಗೆ ಚೀಟಿ ಇರಲಿಲ್ಲ, ತೊಳೆಯುವ ಟ್ರೇನಲ್ಲಿ ಇಟ್ಟವಳು ನಾನು, ಪ್ರಯೋಗಶಾಲೆಯ ನಿಯಮದ ಪ್ರಕಾರ ಅದನ್ನು ತೊಳೆದದ್ದು ಸರಿ. ಅವರು ಓದಿ, ಇದನ್ನು ಮೊದಲೇ ಹೇಳಲು ನಿಮಗೇನಾಗಿತ್ತು ಎಂದು ಕೇಳಿದರು. ಮೆಮೋ ಹಿಂದಕ್ಕೆ ಬಂತು, ಸರ್ವಿಸ್ ಬುಕ್ಕಿನಲ್ಲಿ ಏನೂ ಬೀಳಲಿಲ್ಲ. ಎಲ್ಲಿ ಕೂಗಿದ್ದೆನೋ ಅಲ್ಲೇ, ಅದೇ ಮೂವತ್ತು ವಿದ್ಯಾರ್ಥಿಗಳ ಮುಂದೆ, ಆ ಪತ್ರವನ್ನು ಓದಿದೆ. ಅದು ಪ್ರಿನ್ಸಿಪಾಲರ ಮುಂದೆ ನಿಲ್ಲುವುದಕ್ಕಿಂತ ಕಷ್ಟವಿತ್ತು. ಓದಿ ಮುಗಿದ ಮೇಲೆ ರಸಿಕಾ ಎಂಬ ಹುಡುಗಿ, ನಮಗೆಲ್ಲ ಅವತ್ತೇ ಗೊತ್ತಿತ್ತು ಮ್ಯಾಡಮ್ ಎಂದಳು. ಬೋರ್ಡು ಎಲ್ಲರಿಗೂ ಕಾಣುವಂತೆಯೇ ಇದೆಯಲ್ಲ.

ಅಕ್ಟೋಬರ್ ಮೂವತ್ತು, ಅವರ ಕೆಲಸದ ಕೊನೆಯ ದಿನದ ಮುನ್ನಾದಿನ. ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ನಾವಿಬ್ಬರೇ ಇದ್ದೆವು. ಪುಣೆಗೆ ಕಳಿಸಬೇಕಾದ ನಾಲ್ಕು ಗಂಡುಗಳ ಶೀಸೆಗಳನ್ನು ಅವರು ಹತ್ತಿಯಲ್ಲಿ ಸುತ್ತುತ್ತಿದ್ದರು. ಹತ್ತು ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಮೆಮೋ ಬಂದಾಗ ಚೀಟಿ ಇರಲಿಲ್ಲವೆಂದು ಒಂದು ಮಾತು ಬರೆದಿದ್ದರೆ ಮುಗಿಯುತ್ತಿತ್ತು, ಯಾಕೆ ಬರೆಯಲಿಲ್ಲ ಎಂದೆ.

ಅವರು ಕೈಯಲ್ಲಿದ್ದ ಶೀಸೆ ಸುತ್ತುವುದನ್ನು ಮುಗಿಸಿದರು.

"ಅದು ನಾ ಹೇಳೂ ಮಾತಲ್ರಿ, ನೀವು ಹೇಳೂ ಮಾತು. ಹೇಳ್ತೀರಂತ ದಾರಿ ನೋಡಿದೆ."

"ನಾ ಹೇಳದ ಇದ್ದಿದ್ರ?"

"ಹೇಳದ ಇದ್ದಿದ್ರ," ಎಂದು ಅವರು ಇನ್ನೊಂದು ಶೀಸೆ ಎತ್ತಿಕೊಂಡರು, "ನಿಮಗ ಕಲಿಸಿದಂವ ನಾನ ಅಲ್ಲೇನ್ರಿ? ನನ್ನಿಂದ ತಪ್ಪಾಗೇತಿ ಅಂತ ಬರದದ್ದು ಖರೇನ ಆಗ್ತಿತ್ತು."

ನನಗೆ ಅಳು ಬಂತು. ಅವರು ನೋಡದವರ ಹಾಗೆ ಹತ್ತಿ ಹರಿಯುತ್ತ ಕೂತರು.